ಮೂವತ್ತಾರನೆಯ ಹಲ್ಲು

ಮಗಳ ಕುರ್ತಾದ ಗುಂಡಿಯೊಂದು ಕಿತ್ತುಹೋಗಿತ್ತು. ಅದಕ್ಕೆ ಹೊಂದುವ ಇನ್ನೊಂದನ್ನು ಹುಡುಕಲು ಬಿಸ್ಕತ್ತಿನ ಹಳೆಯ ಡಬ್ಬವನ್ನು ಮಂಚದ ಮೇಲೆ ಸುರುವಿಕೊಂಡು ಕೂತಿದ್ದೆ. ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬ ಇರಲೇಬೇಕು. ಬಿಸ್ಕತ್ತು ಮುಗಿದು ಎಷ್ಟೋ ವರ್ಷವಾಗಿರುತ್ತದೆ, ಮುಚ್ಚಳದ ಮೇಲಿನ ಹೂಬುಟ್ಟಿ ಅರ್ಧ ಅಳಿಸಿರುತ್ತದೆ, ಒಳಗೆ ಗುಂಡಿ, ಹುಕ್ಕು, ದಾರದ ತುಂಡು, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಕೀಲಿಕೈ. ಅವುಗಳ ನಡುವೆ ಬೆರಳಿಗೆ ಒಂದು ಕಬ್ಬಿಣದ ಚೂರು ತಗುಲಿತು. ಅವರೆಕಾಳಿಗಿಂತ ತುಸು ಸಣ್ಣದು. ಒಂದು ಮಗ್ಗುಲಲ್ಲಿ ಗರಗಸ ಎಳೆದ ಗೀರು, ಉಳಿದ ಕಡೆ ಕಪ್ಪು ಬಣ್ಣ. ಪೆಟ್ರೋಲಿನ ವಾಸನೆ ಉಳಿದಿರಬಹುದೇ ಎಂದು ಮೂಗಿನ ಹತ್ತಿರ ಹಿಡಿದೆ. ಬಂದದ್ದು ತುಕ್ಕಿನ ವಾಸನೆ, ಜೊತೆಗೆ ಸ್ವಲ್ಪ ನುಸಿಗುಳಿಗೆಯದು.

ಮುಂದಿನ ಕೋಣೆಯಿಂದ ಮಗಳು ಏನೋ ಕೇಳಿದಳು. ನಾನು "ಹೂಂ" ಎಂದೆ.

ಈ ಚೂರಿನ ವಿಷಯ ಹೇಳಬೇಕಾದರೆ ನಿಮ್ಮನ್ನು ಮೊದಲು ಬಾಣಸವಾಡಿಯ ನಮ್ಮ ಹಳೆಯ ಮನೆಯ ಗೇಟಿನ ಮುಂದೆ ನಿಲ್ಲಿಸಬೇಕು. ಆ ಗೇಟು ಮನೆಗಿಂತ ದೊಡ್ಡದಾಗಿ ಕಾಣುತ್ತಿತ್ತು. ಜೋಂಗಾ ಒಳಗೆ ಬರಲೆಂದು ನಮ್ಮ ಮಾವನವರು ಕಾಂಪೌಂಡು ಒಡೆಸಿ ಮಾಡಿಸಿದ್ದ ಗೇಟು. ಜೋಂಗಾ ಎಂದರೆ ಸೈನ್ಯದವರು ಓಡಿಸುತ್ತಿದ್ದ ಗಾಡಿ. ಜೀಪಿನ ದೊಡ್ಡಣ್ಣ ಎಂದುಕೊಳ್ಳಿ. ಮಾವನವರದು ಬಾಣಸವಾಡಿಯಲ್ಲಿ ಸೊಪ್ಪು ತರಕಾರಿ ಬೆಳೆಯುತ್ತಿದ್ದ ಮನೆತನ. ಅವರೊಬ್ಬರು ಮಾತ್ರ ಓದಿ, ಕಂಟೋನ್ಮೆಂಟಿನ ಮಿಲಿಟರಿ ಉಗ್ರಾಣದಲ್ಲಿ ಸ್ಟೋರ್ ಕೀಪರ್ ಆದರು. ನಿವೃತ್ತರಾದ ವರ್ಷ, ಸೈನ್ಯದವರು ಹಳೆಯ ಗಾಡಿಗಳನ್ನು ಹರಾಜು ಹಾಕಿದಾಗ ಒಂದನ್ನು ಕೊಂಡು ತಂದರು. ಅದು ನಮ್ಮ ಮದುವೆಯಾದ ಹೊಸತು, ತೊಂಬತ್ತರ ದಶಕದ ನಡುವಿನ ಮಾತು. ಅತ್ತೆ ಬಾಗಿಲಲ್ಲಿ ನಿಂತು ಆರತಿ ತಟ್ಟೆ ಹಿಡಿದುಕೊಂಡೇ ಹೇಳಿದರು: "ಎಲ್ರೂ ರಿಟೈರ್ ಆದ್ರೆ ಕಾಶಿಗೆ ಹೋಗ್ತಾರೆ. ಇವ್ರು ನೋಡಮ್ಮ, ಯುದ್ಧಕ್ಕೆ ಹೊಂಟವ್ರೆ."

ನನಗೆ ಗಾಡಿಯ ವಿಷಯ ಏನೂ ತಿಳಿಯದು. ಮಾವನವರು ಒಮ್ಮೆ ನನಗೆ ಡ್ರೈವಿಂಗ್ ಕಲಿಸಲು ಹೊರಟು, ನಾನು ಬ್ರೇಕೆಂದು ಕ್ಲಚ್ಚು ಒತ್ತಿ ಪಕ್ಕದ ಮನೆಯ ತುಳಸಿ ಕಟ್ಟೆಯವರೆಗೆ ಹೋದ ಮೇಲೆ ಆ ಪಾಠ ನಿಂತಿತು. ಆದರೂ ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಜೊತೆಗಿದ್ದರೆ ಗಾಡಿಯ ಸ್ವಭಾವವೂ ತಿಳಿಯುತ್ತದೆ. ಜೋಂಗಾದ ಎಂಜಿನ್ನಿನಲ್ಲಿ ಆರು ಸಿಲಿಂಡರುಗಳು ಸಾಲಾಗಿ ಕೂತಿದ್ದವು, ಪಂಕ್ತಿಯಲ್ಲಿ ಊಟಕ್ಕೆ ಕೂತವರ ಹಾಗೆ. ಅವಕ್ಕೆಲ್ಲ ಪೆಟ್ರೋಲು ಗಾಳಿ ಕಲಸಿ ಬಡಿಸುವುದು ಕಾರ್ಬುರೇಟರು. ಬಡಿಸುವ ಕೈ ಒಂದೇ, ಪಂಕ್ತಿ ಉದ್ದ. ನಡುವಿನವರಿಗೆ ಹೆಚ್ಚು, ತುದಿಯವರಿಗೆ ಕಡಿಮೆ ಆಗುತ್ತಲೇ ಇರುತ್ತಿತ್ತು. ಆಗ ಎಂಜಿನ್ನು ಗೊಣಗುತ್ತಿತ್ತು. ಆ ಗೊಣಗಾಟವನ್ನು ಕೇಳಿ, ತಿರುಪನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ ಸಮಾಧಾನ ಮಾಡುವುದು ಕಿವಿಯ ಕೆಲಸ. ಆ ಕಿವಿ ಇದ್ದದ್ದು ಶಿವಾಜಿನಗರದಲ್ಲಿ, ಮೆಕ್ಯಾನಿಕ್ ವಜೀರ್ ಉಸ್ತಾದರ ತಲೆಯ ಎರಡೂ ಪಕ್ಕ.

ಉಸ್ತಾದರ ಶೆಡ್ಡು ಬಸ್ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ, ಮಸೀದಿ ತಿರುವಿನ ಓಣಿಯಲ್ಲಿ. ಶುಕ್ರವಾರ ರಜೆ, ಭಾನುವಾರ ಕೆಲಸ. ಬೋರ್ಡು ಇರಲಿಲ್ಲ. ಒಂದು ಗಜದುದ್ದದ ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ಒತ್ತಿ, ಅದರ ಮರದ ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಡಾಕ್ಟರೊಬ್ಬರನ್ನು ನೋಡಿದಂತೆ ಅನಿಸುತ್ತಿತ್ತು. ಜೋಂಗಾ ಮಸೀದಿ ತಿರುವಿಗೆ ಬರುತ್ತಿದ್ದಂತೆ ಒಳಗಿನಿಂದಲೇ ಕೂಗುತ್ತಿದ್ದರಂತೆ: "ಸ್ಟೋರ್ ಸಾಬ್, ನಿಮ್ದು ಐದನೇದು ಅಳ್ತಾ ಇದೆ!" ಬಾನೆಟ್ಟು ಎತ್ತಿ ನೋಡಿದರೆ ಐದನೆಯದೇ.

ಇನ್ನೊಂದು ಗುಣ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಮುರಿದ ವಸ್ತುವೊಂದು ತಮ್ಮ ಶೆಡ್ಡಿಗೆ ಬಂದು ಮುರಿದೇ ಹೊರಗೆ ಹೋಗುವುದು ಉಸ್ತಾದರಿಗೆ ಸಹಿಸಲಾಗುತ್ತಿರಲಿಲ್ಲ. ನಾನು ಊಟ ಕಳಿಸಿದ ಟಿಫನ್ ಕ್ಯಾರಿಯರಿನ ಕೊಂಡಿ ಸಡಿಲವಾಗಿತ್ತು. ವಾಪಸು ಬಂದಾಗ ಬಿಗಿಯಾಗಿತ್ತು. ಮಾವನವರ ಕೊಡೆ ಒಂದು ದಿನ ಅಲ್ಲಿ ಉಳಿದು, ಹೊಸ ಕಡ್ಡಿಯೊಂದಿಗೆ ಮನೆಗೆ ಬಂತು. ಯಾರೂ ಕೇಳಿರುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ.

ಹೀಗೆ ಏಳೆಂಟು ವರ್ಷ ನಡೆಯಿತು. ಆಮೇಲೊಂದು ಸಂಜೆ ಮಾವನವರು ಮುದ್ದೆಯ ಮುಂದೆ ಕೂತು, ಮುರಿಯದೆ, ಹೇಳಿದರು: "ಉಸ್ತಾದ್‌ಗೆ ಕಿವಿ ಹೋಗ್ತಾ ಐತೆ ಕಣಪ್ಪ."

"ಯಾರು ಹೇಳಿದ್ರು?" ಎಂದರು ನಮ್ಮ ಮನೆಯವರು.

"ಯಾರೂ ಹೇಳ್ಲಿಲ್ಲ. ಇವತ್ತು ಪಕ್ಕದಲ್ಲಿ ನಿಲ್ಸಿ ಹಾರನ್ ಒತ್ತಿದೆ, ತಿರುಗಿ ನೋಡ್ಲಿಲ್ಲ. ಭುಜ ಮುಟ್ಟಿದ್ ಮೇಲೆ ನಕ್ರು." ಆಮೇಲೆ ಮುದ್ದೆ ಮುರಿಯುತ್ತಾ, "ಈ ಮಾತು ಈ ಮನೆ ದಾಟ್ಬಾರ್ದು," ಎಂದರು.

ದಾಟಿದರೆ ಏನಾಗುತ್ತಿತ್ತೆಂದು ನಮಗೆಲ್ಲ ಗೊತ್ತಿತ್ತು. ಉಸ್ತಾದರ ಕಿವಿಯೇ ಅವರ ಬೋರ್ಡು. ಅದು ಬಿದ್ದಿತೆಂದು ಓಣಿಗೆ ತಿಳಿದರೆ ಶೆಡ್ಡಿಗೆ ಗಾಡಿಗಳು ಬರುವುದಿಲ್ಲ. ಗಾಡಿ ಬರದಿದ್ದರೆ, ನಲವತ್ತು ವರ್ಷದಿಂದ ಬೆಳಿಗ್ಗೆ ಎಂಟಕ್ಕೆ ಬೀಗ ತೆಗೆಯುವ ಮನುಷ್ಯ ಮನೆಯಲ್ಲಿ ಕೂತು ಏನು ಮಾಡಬೇಕು? ಆ ಹೊತ್ತಿಗೆ ಉಸ್ತಾದರು ಹದ ಮಾಡಿದ ಜೋಂಗಾ ಕಪ್ಪು ಹೊಗೆ ಉಗುಳಿ, ಹಲಸೂರು ಕೆರೆಯ ಹತ್ತಿರ ಸಿಗ್ನಲ್ಲಿನಲ್ಲಿ ಆಫ್ ಆಗತೊಡಗಿತ್ತು. ಮಾವನವರು ಓಣಿ ದಾಟಿದ ಮೇಲೆ ನಿಲ್ಲಿಸಿ ತಾವೇ ತಿರುಪು ತಿರುಗಿಸುತ್ತಿದ್ದರು. ಅವರ ಕೈಗುಣದಿಂದ ಅದು ಇನ್ನಷ್ಟು ಕೆಡುತ್ತಿತ್ತು. ಬೇರೆ ಮೆಕ್ಯಾನಿಕ್ಕಿನ ಹತ್ತಿರ ಹೋಗುವಂತಿಲ್ಲ. ಒಬ್ಬ ಉಸ್ತಾದರ ಗಾಡಿಯನ್ನು ಇನ್ನೊಬ್ಬರು ಮುಟ್ಟಬೇಕಾದರೆ ಮೊದಲು ಆ ಹಳೆಯ ಉಸ್ತಾದರ ಹತ್ತಿರ ಹೋಗಿ "ಯಾಕೆ ಬಿಟ್ರಿ?" ಎಂದು ಕೇಳಬೇಕು, ಅದು ಅಲ್ಲಿನ ಕಟ್ಟಳೆ. ಕೇಳಿದರೆ ಕತೆ ಮುಗಿಯಿತು.

ದಾರಿ ಹುಡುಕಿದವರು ನಮ್ಮ ಮನೆಯವರು. ಅವರು ಕೆ.ಆರ್. ಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದರು. ಅಷ್ಟು ಹೊತ್ತಿಗೆ ಹೊಸ ಕಾರುಗಳಲ್ಲೆಲ್ಲ ಕಾರ್ಬುರೇಟರು ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂದಿತ್ತು. ಆರು ಸಿಲಿಂಡರಿಗೆ ಆರು ಸಣ್ಣ ಪಿಚಕಾರಿ. ಎಷ್ಟು ಪೆಟ್ರೋಲು ಚಿಮ್ಮಬೇಕು, ಕಿಡಿ ಯಾವಾಗ ಹೊತ್ತಬೇಕು ಎಂದು ಲೆಕ್ಕ ಹಾಕಲು ಊಟದ ಡಬ್ಬಿಯಷ್ಟು ದೊಡ್ಡ ಕಂಪ್ಯೂಟರ್ ಪೆಟ್ಟಿಗೆ. ಹಳೆಯ ಎಂಜಿನ್ನಿಗೂ ಅದನ್ನು ಕೂರಿಸಬಹುದು, ಕೂರಿಸಿದ ಮೇಲೆ ಯಾರೂ ಕಿವಿಗೊಟ್ಟು ಹದ ಮಾಡಬೇಕಾಗಿಲ್ಲ ಎಂದರು. ಗಾಡಿಗೆ ಇಂಜೆಕ್ಷನ್ ಎಂದಾಗ ಅತ್ತೆ ಕೇಳಿದ ಪ್ರಶ್ನೆಯನ್ನು ನೀವೇ ಊಹಿಸಿಕೊಳ್ಳಿ.

ಮಾವನವರು ಒಂದೇ ಷರತ್ತು ಹಾಕಿದರು: "ಜೋಡಿಸೋದು ಉಸ್ತಾದೇ."

ಮರುವಾರ ಶೆಡ್ಡಿಗೆ ಹೋಗಿ, ಚಳಿಯಲ್ಲಿ ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಲು ತಮಗೀಗ ತ್ರಾಣವಿಲ್ಲ, ಮಗ ಏನೋ ಹೊಸದು ಹೇಳುತ್ತಿದ್ದಾನೆ ಎಂದು ಜೋರಾಗಿ ಹೇಳಿದರಂತೆ. ಉಸ್ತಾದರು ಮಾವನವರ ಮುಖವನ್ನೇ ನೋಡುತ್ತಾ ಕೇಳಿಸಿಕೊಂಡು, "ಅಚ್ಛಾ. ಅದಕ್ಕೂ ಎಂಜಿನ್ ಬಿಚ್ಚಿ ಜೋಡ್ಸೋಕೆ ಕೈ ಬೇಕಲ್ಲ ಸ್ಟೋರ್ ಸಾಬ್? ನಂದು ಕೈ ಇದೆ," ಎಂದರಂತೆ.

ಸಾಮಾನುಗಳು ಒಂದೊಂದಾಗಿ ಮನೆಗೆ ಬಂದವು. ಅವುಗಳಲ್ಲೊಂದು ಹಲ್ಲಿನ ಚಕ್ರ. ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕದು, ಸುತ್ತಲೂ ಚೌಕ ಚೌಕ ಹಲ್ಲು. ಆಗ ಅವರೆಕಾಯಿ ಕಾಲ. ಜಗುಲಿಯಲ್ಲಿ ಕಾಳು ಬಿಡಿಸುತ್ತಿದ್ದೆ. ಸಿಪ್ಪೆ ಹಾಕಲು ಹಾಸಿದ್ದ ಪೇಪರು ಹಾರದಿರಲೆಂದು ಆ ಚಕ್ರವನ್ನೇ ಮೇಲೆ ಇಟ್ಟಿದ್ದೆ. ಕೈ ಕೆಲಸ ಮಾಡುವಾಗ ಕಣ್ಣಿಗೆ ಸಿಕ್ಕದ್ದನ್ನು ಎಣಿಸುವುದು ನನ್ನ ಚಾಳಿ. ಮೆಟ್ಟಿಲು, ಕಿಟಕಿ ಸರಳು, ಎದುರು ಮನೆಯ ಹಂಚು, ಯಾವುದನ್ನೂ ಬಿಟ್ಟಿಲ್ಲ. ಹಲ್ಲುಗಳನ್ನೂ ಎಣಿಸಿದೆ. ಮೂವತ್ತೈದು. ಒಂದು ಕಡೆ ಮಾತ್ರ ಖಾಲಿ ಜಾಗ.

"ರೀ, ಒಂದು ಹಲ್ಲು ಮುರಿದಿದೆ. ಅಂಗಡಿಯವನು ನಿಮ್ಮ ಮುಖ ನೋಡಿ ಕೊಟ್ಟಿದ್ದಾನೆ," ಎಂದೆ.

"ಮುರಿದಿಲ್ಲ ಕಣೇ, ಬೇಕು ಅಂತಾನೇ ಬಿಟ್ಟಿರೋದು. ಚಕ್ರ ತಿರುಗ್ತಾ ಆ ಖಾಲಿ ಜಾಗ ಬಂದಾಗಲೇ ಕಂಪ್ಯೂಟರ್‌ಗೆ ಗೊತ್ತಾಗೋದು, ಒಂದು ಸುತ್ತು ಮುಗೀತು, ಈಗ ಒಂದನೇ ಸಿಲಿಂಡರ್ ಎಲ್ಲಿದೆ ಅಂತ."

ಅತ್ತೆಯ ಜಪಮಾಲೆಯಲ್ಲಿ ಕೊನೆಗೊಂದು ದೊಡ್ಡ ಮಣಿ ಇರುತ್ತಿತ್ತು. ಬೆರಳಿಗೆ ಅದು ತಗುಲಿದರೆ ಸುತ್ತು ಮುಗಿಯಿತೆಂದು ಲೆಕ್ಕ. ಇದೂ ಹಾಗೇ ಎಂದು ನನ್ನಷ್ಟಕ್ಕೆ ಅರ್ಥ ಮಾಡಿಕೊಂಡೆ.

ಕೆಲಸ ಶುರುವಾಯಿತು. ನಮ್ಮ ಮನೆಯವರಿಗೆ ರಜೆ ಭಾನುವಾರ ಮಾತ್ರ, ಉಳಿದ ದಿನ ಉಸ್ತಾದರೊಬ್ಬರೇ. ಪೆಟ್ರೋಲ್ ಟ್ಯಾಂಕು ಇಳಿಸಿ ತುಕ್ಕು ತೊಳೆದರು. ಪಿಚಕಾರಿಗಳು ಕೂರಲು ಆರು ತೂತು ಕೊರೆದು, ಅಳತೆ ತಪ್ಪದಂತೆ ಬೆಸೆದರು. ಕಂಪ್ಯೂಟರ್ ಪೆಟ್ಟಿಗೆಗೆ ಸೀಟಿನಡಿಯಲ್ಲಿ ರಬ್ಬರಿನ ಮೆತ್ತೆ ಮಾಡಿದರು, ಕೂಸಿಗೆ ಹಾಸಿದ ಹಾಗೆ. ಎಲ್ಲ ಜೋಡಿಸಿ ಮೊದಲ ಭಾನುವಾರ ಕೀಲಿ ತಿರುಗಿಸಿದರೆ ಎಂಜಿನ್ನು ಕರಕರ ಸುತ್ತಿತು, ಹೊತ್ತಲಿಲ್ಲ. ಎರಡನೆಯ ಭಾನುವಾರ ವೈರು ಬಿಚ್ಚಿ ಮತ್ತೆ ಹಾಕಿದರು. ಹೊತ್ತಲಿಲ್ಲ. ನಮ್ಮ ಮನೆಯವರು ಕಾರ್ಖಾನೆಯ ಗೆಳೆಯರ ಲ್ಯಾಪ್‌ಟಾಪ್ ತಂದು ಚುಚ್ಚಿದರು. ಎಂಜಿನ್ನು ಸುತ್ತುತ್ತಿದ್ದರೂ ಅದು ಸುತ್ತಿನ ಲೆಕ್ಕವನ್ನು ಸೊನ್ನೆ ಎಂದೇ ತೋರಿಸುತ್ತಿತ್ತು. ಪಕ್ಕದ ಶೆಡ್ಡುಗಳವರು ಬಂದು ನಿಂತು ನೋಡತೊಡಗಿದರು. "ಏನ್ ಗುರು, ಟಿ.ವಿ. ಇಟ್ರೂ ಗಾಡಿ ಎದ್ದೇಳ್ತಿಲ್ವಲ್ಲ!" ಎಂದು ಒಬ್ಬ. "ವಜೀರ್ ಭಾಯ್, ಹಳೇ ಕಾರ್ಬುರೇಟ್ರೇ ಹಾಕ್ಬಿಡಿ, ಕಿವಿಗೆ ಕೆಲ್ಸ ಆಗುತ್ತೆ," ಎಂದು ಇನ್ನೊಬ್ಬ. ತಮಾಷೆಗೆ ಹೇಳಿದ್ದೇ. ಮಾವನವರ ಮುಖ ಸಣ್ಣದಾಯಿತಂತೆ. ಉಪಕಾರ ಮಾಡಲು ಹೋಗಿ, ಉಸ್ತಾದರನ್ನು ಓಣಿಯ ನಡುವೆ ತಂದು ನಿಲ್ಲಿಸಿದ್ದೆವು.

ಮೂರನೆಯ ಭಾನುವಾರ ನಾನೇ ಊಟದ ಕ್ಯಾರಿಯರು ಹಿಡಿದು ಬಸ್ಸಿನಲ್ಲಿ ಹೋದೆ. ಹಿತಕಿದ ಬೇಳೆ ಸಾರು, ಅನ್ನ, ಉಸ್ತಾದರಿಗೆ ಇಷ್ಟವೆಂದು ಅಕ್ಕಿ ರೊಟ್ಟಿ. ಓಣಿಯಲ್ಲಿ ಯಾರೋ ಮಡ್‌ಗಾರ್ಡು ಬಡಿಯುತ್ತಿದ್ದರು. ಆ ಸದ್ದಿನಲ್ಲಿ ನನ್ನ ಕಿವಿಯೇ ಕಿವುಡಾದಂತಿತ್ತು. ನಮ್ಮ ಮನೆಯವರು ಲ್ಯಾಪ್‌ಟಾಪಿನ ಮುಂದೆ ತಲೆ ಹಿಡಿದು ಕೂತಿದ್ದರು. ಮಾವನವರು ಸ್ಟೇರಿಂಗಿನ ಹಿಂದೆ. ಉಸ್ತಾದರು ಎಂಜಿನ್ನಿನ ಮುಂದೆ ಮಣೆ ಹಾಕಿಕೊಂಡು, ಬಟ್ಟೆಯಿಂದ ಏನನ್ನೋ ಸುಮ್ಮನೆ ಒರೆಸುತ್ತಿದ್ದರು. ನೋಡಿದರೆ ಅದೇ ಚಕ್ರ, ಎಂಜಿನ್ನಿನ ಮೂತಿಗೆ ಸಿಕ್ಕಿಸಿದ್ದಾರೆ. ನನ್ನ ಜಗುಲಿಯಲ್ಲಿ ಪೇಪರಿಗೆ ಭಾರವಾಗಿದ್ದ ಗುರುತಿನ ವಸ್ತು ಎಂದು ಸಲುಗೆಯಿಂದ ಹತ್ತಿರ ಹೋಗಿ ಕೂತೆ. ಕೂತ ಮೇಲೆ ನನ್ನ ಚಾಳಿ ಬಿಟ್ಟೀತೇ? ಉಸ್ತಾದರು ಒರೆಸಲೆಂದು ಚಕ್ರವನ್ನು ನಿಧಾನಕ್ಕೆ ತಿರುಗಿಸುತ್ತಿದ್ದರು. ಎಣಿಸಿದೆ. ಖಾಲಿ ಜಾಗ ಬರಲಿಲ್ಲ. ಮತ್ತೆ ಎಣಿಸಿದೆ. ಮೂವತ್ತಾರು.

ಒಂದು ಹಲ್ಲಿನ ಬುಡದಲ್ಲಿ ಮಾತ್ರ ಬೆಸುಗೆಯ ಸಣ್ಣ ಉಬ್ಬು. ಅರದಿಂದ ಉಜ್ಜಿ, ಅಕ್ಕಪಕ್ಕದವುಗಳ ಅಳತೆಗೆ ತಂದು, ಕಪ್ಪು ಬಣ್ಣ ಹಚ್ಚಿ, ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಎಣಿಸುವ ಚಾಳಿ ಇಲ್ಲದವರಿಗೆ ಜನ್ಮದಲ್ಲಿ ತಿಳಿಯುತ್ತಿರಲಿಲ್ಲ. ಮುರಿದದ್ದನ್ನು ಕಂಡರು, ಸರಿ ಮಾಡಿದರು.

ನಾನು ನಮ್ಮ ಮನೆಯವರ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. ಅವರಿಗೆ ಮೆಲ್ಲಗೆ ಕೇಳಿಸಿಕೊಳ್ಳುವ ತಾಳ್ಮೆ ಎಲ್ಲಿ? ಎದ್ದು ಬಂದು ಚಕ್ರ ನೋಡಿದವರೇ, "ಅಯ್ಯೋ! ಆ ಜಾಗ ಹಾಗೇ ಬಿಡ್ಬೇಕು ಅಂತ ಉಸ್ತಾದ್‌ಗೆ ಎರಡು ಸಲ ಹೇಳಿದ್ದೆ. ಹೂಂ ಅಂತ ತಲೆ ಆಡಿಸಿದ್ರಲ್ಲ!" ಎಂದರು. ಪಕ್ಕದ ಶೆಡ್ಡಿನವರು ಇಬ್ಬರು ಅಲ್ಲೇ ಟೀ ಕುಡಿಯುತ್ತಿದ್ದರು. ಲೋಟ ಬಾಯಿಗೆ ಹೋಗದೆ ನಿಂತಿತು. ಮಡ್‌ಗಾರ್ಡು ಬಡಿತ ಕೂಡ ಅದೇ ಗಳಿಗೆಗೆ ನಿಲ್ಲಬೇಕೆ? ಉಸ್ತಾದರು ನಮ್ಮೆಲ್ಲರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು, ಏನಾಯಿತೆಂದು ಅಲ್ಲಿ ಓದಿಕೊಳ್ಳುವವರ ಹಾಗೆ.

ನನ್ನ ಬಾಯಿಂದ ಬಂತು: "ಅವ್ರನ್ನ ಯಾಕೆ ಅಂತೀರಿ? ನಾನೇ ಹೇಳಿ ಹಾಕಿಸಿದ್ದು."

"ನೀನಾ? ನಿಂಗೂ ಹೇಳಿದ್ದೆನಲ್ಲೇ, ಅವರೆಕಾಯಿ ಬಿಡಿಸ್ತಿದ್ದಾಗ!"

"ಹೇಳಿದ್ರೇನೋ. ನಂಗೆ ಸರಿಯಾಗಿ ಕೇಳಿಸಿರ್ಲಿಲ್ಲ. ಮುರಿದ ಹಲ್ಲು ಅಂದ್ಕೊಂಡು, ಸರಿ ಮಾಡ್ಬಿಡಿ ಅಂತ ಊಟದ ಡಬ್ಬಿ ಜೊತೆ ಚೀಟಿ ಕಳಿಸಿದ್ದೆ."

ಅಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ನಮ್ಮ ಮನೆಯವರು ಇನ್ನೇನೋ ಕೇಳುವವರಿದ್ದರು, ಅಷ್ಟರಲ್ಲಿ ಮಾವನವರು ಸ್ಟೇರಿಂಗಿನ ಹಿಂದಿನಿಂದ ಗುಡುಗಿದರು: "ಗಾಡಿ ವಿಷ್ಯಕ್ಕೆ ಬರ್ಬೇಡಮ್ಮ ಅಂತ ನಿಂಗೆ ಎಷ್ಟು ಸಲ ಹೇಳಿಲ್ಲ! ಅವತ್ತು ತುಳಸಿ ಕಟ್ಟೆ, ಇವತ್ತು ಇದು!" ಮಾವನವರು ನನ್ನನ್ನು ಗದರಿದ್ದು ಅದೊಂದೇ ಸಲ. ಗದರುವಾಗ ಅವರ ಕಣ್ಣು ತುಂಬಿತ್ತು. ಓಣಿಯವರು ಹೊಟ್ಟೆ ತುಂಬ ನಕ್ಕರು. "ಹೆಂಗಸ್ರ ಕೈಗೆ ಗಾಡಿ ಕೊಟ್ರೆ ಇಷ್ಟೇ ಸಾರ್," ಎಂದು ಟೀ ಮುಗಿಸಿ ತಂತಮ್ಮ ಕೆಲಸಕ್ಕೆ ಹೋದರು. ಕೋಪ ಬರಬೇಕಾಗಿತ್ತು, ಬರಲಿಲ್ಲ.

ಅವರು ಹೋದ ಮೇಲೆ ಉಸ್ತಾದರು ಚಕ್ರದತ್ತ ಬೆರಳು ತೋರಿಸಿ ನನ್ನನ್ನು ನೋಡಿದರು. ಶೆಡ್ಡಿನ ಮೊಳೆಗೆ ಅವರ ತಸ್ಬಿ, ಜಪದ ಮಣಿಸರ, ನೇತುಬಿದ್ದಿತ್ತು. ಅದರ ತುದಿಯ ಉದ್ದನೆಯ ಮಣಿಯನ್ನು ಮುಟ್ಟಿ, ಆಮೇಲೆ ಆ ಮೂವತ್ತಾರನೆಯ ಹಲ್ಲನ್ನು ಮುಟ್ಟಿದೆ. ಅವರು ಎರಡನ್ನೂ ನೋಡಿದರು. "ಅರೆ!" ಎಂದು ಹಣೆ ಚಚ್ಚಿಕೊಂಡರು. ತಾವೇ ಗರಗಸ ತಂದು ಕತ್ತರಿಸಿದರು.

ಹೊಸ ಏರ್ಪಾಟಿನಲ್ಲಿ ಸುಮ್ಮನೆ ಕೀಲಿ ತಿರುಗಿಸಬೇಕು, ಆಕ್ಸಿಲರೇಟರ್ ಮುಟ್ಟಬಾರದು. ಮಾವನವರ ಕಾಲು ಕೇಳುತ್ತದೆಯೇ? ಹಳೆಯ ಅಭ್ಯಾಸದಂತೆ ಮೂರು ಸಲ ತುಳಿದರು. "ಅಪ್ಪಾ, ಕಾಲು ತೆಗಿ!" ಎಂದು ಮಗ ಕೂಗಿದರು. ಕಾಲು ತೆಗೆದು, ದೇವರ ಮುಂದೆ ಕೂತವರಂತೆ ಎರಡೂ ಕಾಲು ಮಡಚಿಟ್ಟುಕೊಂಡು ಕೀಲಿ ತಿರುಗಿಸಿದರು. ಜೋಂಗಾ ಒಮ್ಮೆ ಸೀನಿ, ಎದ್ದಿತು. ಗೊಣಗಾಟವಿಲ್ಲ, ಹೊಗೆಯಿಲ್ಲ, ಒಲೆಯ ಮೇಲೆ ಅನ್ನ ಕುದಿಯುವಾಗಿನ ಹಾಗೆ ಒಂದೇ ಸಮನೆ ಸದ್ದು.

ಉಸ್ತಾದರು ತಮ್ಮ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು ಎಂಜಿನ್ನಿಗೆ ಒತ್ತಿದರು. ಹಿಡಿಯನ್ನು ಕಿವಿಗೆ ಇಡಲಿಲ್ಲ. ದವಡೆಯ ಮೂಳೆಗೆ ಒತ್ತಿ ಕಣ್ಣು ಮುಚ್ಚಿದರು. ಒಂದೊಂದೇ ಸಿಲಿಂಡರಿನ ಮೇಲೆ ಸರಿಸುತ್ತಾ ಹೋಗಿ, ಕೊನೆಯದರ ಮೇಲೆ ಬಹಳ ಹೊತ್ತು ನಿಂತರು. ಕಣ್ಣು ತೆರೆದು ಮಾವನವರಿಗೆ ಹೇಳಿದರು: "ಆರೂ ಮಕ್ಳು ಊಟ ಮಾಡ್ತಾ ಇದಾರೆ, ಸ್ಟೋರ್ ಸಾಬ್."

ಆ ಸಂಜೆ ಕ್ಯಾರಿಯರು ತೊಳೆಯುವಾಗ ಮೇಲಿನ ಡಬ್ಬಿಯಲ್ಲಿ ಏನೋ ಗಲಗಲ ಎಂದಿತು. ತೆರೆದರೆ, ಕಾಗದದಲ್ಲಿ ಸುತ್ತಿದ ಈ ಕಬ್ಬಿಣದ ಚೂರು.

ಮುಂದಿನ ಸಲ ಹೋದಾಗ ಉಸ್ತಾದರು ನನ್ನನ್ನು ಮಣೆ ಹಾಕಿ ಕೂರಿಸಿದರು. "ಬೇಟಿ, ನಂಗೆ ಚೀಟಿ ಬರ್ಲಿಲ್ಲ," ಎಂದರು.

ನಾನು ತಲೆ ತಗ್ಗಿಸಿದೆ. ಅವರು ತಮ್ಮ ಗಲ್ಲ ಮುಟ್ಟಿಕೊಂಡು ನನ್ನ ಮುಖ ಮೇಲೆತ್ತಲು ಸನ್ನೆ ಮಾಡಿದರು. "ಮೇಲೆ ನೋಡು, ತುಟಿ ಕಾಣ್ಬೇಕು. ಸ್ಟೋರ್ ಸಾಬ್‌ಗೆ ಗೊತ್ತು. ನಿಂಗೆ ಗೊತ್ತು. ನಂಗೆ ಗೊತ್ತಿಲ್ಲ ಅಂತ ನಾನೊಬ್ನೇ ನಾಟ್ಕ ಮಾಡ್ತಿದ್ದೆ. ನಿನ್ನ ಗಂಡ ಹೇಳ್ದಾಗ 'ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಪ್ಪ' ಅಂದಿದ್ರೆ ಆಗ್ತಿತ್ತು. ಒಂದು ಮಾತು. ಅದಕ್ಕೆ ನಾಚ್ಕೊಂಡು ಮೂರು ಭಾನುವಾರ ಹೋಯ್ತು. ನೀನು ಎಲ್ರ ಮುಂದೆ ಬೈಸ್ಕೊಂಡೆ."

ತಸ್ಬಿ ತೂಗುತ್ತಿದ್ದ ಮೊಳೆಯ ಪಕ್ಕದಲ್ಲಿ ಹೊಸದೊಂದು ಮೊಳೆ, ಅದಕ್ಕೊಂದು ಸ್ಲೇಟು, ದಾರ ಕಟ್ಟಿದ ಬಳಪ. ಇನ್ನು ಯಾರು ಬಂದರೂ ಗಾಡಿಯ ತೊಂದರೆಯನ್ನು ಅದರಲ್ಲಿ ಬರೆಯಬೇಕು. ಉಸ್ತಾದರಿಗೆ ಉರ್ದು ಸಲೀಸು, ಕನ್ನಡ ಕೂಡಿಸಿ ಓದುತ್ತಿದ್ದರು. ಮೊದಲು ಬರೆದವರು ನಮ್ಮ ಮಾವನವರೇ: 'ಟೀ?' ಉಸ್ತಾದರು ಗಟ್ಟಿಯಾಗಿ ಓದಿ, ಗಟ್ಟಿಯಾಗಿ ನಕ್ಕರು. ಓಣಿಯವರು ಒಂದೆರಡು ವಾರ ಸ್ಲೇಟಿನ ಮೇಲೆ ತಮಾಷೆ ಬರೆದರು, ಆಮೇಲೆ ತೊಂದರೆ ಬರೆಯತೊಡಗಿದರು. ಕೆಲವು ಗಾಡಿಗಳು ಬೇರೆ ಕಡೆ ಹೋದದ್ದು ನಿಜ. ಹಲವು ಉಳಿದವು. ಇಂಜೆಕ್ಷನ್ ಕೂರಿಸಿದ ಉಸ್ತಾದ್ ಎಂದು ಹುಡುಕಿಕೊಂಡು ಬಂದವರೂ ಇದ್ದರು. ಇನ್ನೂ ಆರೇಳು ವರ್ಷ ಎಂಟಕ್ಕೇ ಬೀಗ ತೆಗೆದರು.

ಈಗ ಮಾವನವರಿಲ್ಲ. ಜೋಂಗಾ ದೇವನಹಳ್ಳಿ ಕಡೆಯ ದ್ರಾಕ್ಷಿ ತೋಟದವರ ಮನೆಯಲ್ಲಿದೆ, ಈಗಲೂ ಕೀಲಿ ತಿರುಗಿಸಿದರೆ ಏಳುತ್ತದಂತೆ. ಉಸ್ತಾದರು ಮಗಳ ಮನೆಗೆ ಹೋದ ಮೇಲೆ ಶೆಡ್ಡಿದ್ದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಮೂವತ್ತಾರನೆಯ ಹಲ್ಲು ಮಾತ್ರ ನನ್ನ ಗುಂಡಿ ಡಬ್ಬದಲ್ಲಿ.

ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂತಾಗ ನೆನಪಾಯಿತು: ಮಗಳು ಆಗಲೇ ಏನೋ ಕೇಳಿದ್ದಳು, ನಾನು ಹೂಂ ಎಂದಿದ್ದೆ. ಏನು ಕೇಳಿದಳೆಂದು ನನಗೆ ಗೊತ್ತಿಲ್ಲ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಸುಮಾರು ಒಂದು ವರ್ಷದಿಂದ ನಾನು ಹೀಗೆಯೇ. ಹೂಂ ಎನ್ನುತ್ತೇನೆ, ನಗುತ್ತೇನೆ, ತಲೆ ಆಡಿಸುತ್ತೇನೆ. ಟಿ.ವಿ. ಸದ್ದು ಏರಿಸುವುದಕ್ಕೆ ಬೀದಿಯ ಗಲಾಟೆಯನ್ನು ದೂರುತ್ತೇನೆ. ಮನೆಯವರಿಗೆಲ್ಲ ತಿಳಿದಿದೆಯೋ ಏನೋ. ಯಾರು ಯಾವ ಸುಳ್ಳು ಹೇಳಿ ನನ್ನನ್ನು ಕಾಯುತ್ತಿದ್ದಾರೋ. ಅವತ್ತು ಶೆಡ್ಡಿನಲ್ಲಿ "ನಂಗೆ ಸರಿಯಾಗಿ ಕೇಳಿಸಿರ್ಲಿಲ್ಲ" ಎಂದು ಸುಳ್ಳಿಗೆ ಹೇಳುವಾಗ ಆ ಮಾತು ಎಷ್ಟು ಹಗುರಾಗಿ ಬಂದಿತ್ತು!

ಎದ್ದು ಬಾಗಿಲಿಗೆ ಹೋದೆ. ಮಗಳು ಫೋನಿನಿಂದ ತಲೆ ಎತ್ತಿದಳು.

"ಆಗ ಏನೋ ಕೇಳಿದ್ಯಲ್ಲಮ್ಮ," ಎಂದೆ. "ನಂಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು. ಈ ಕಡೆ ತಿರುಗಿ ಹೇಳು."